ಹೆಬ್ಬೆರಳು ಎತ್ತಿದ ವರ್ಷ

ಒಮಾನಿನಲ್ಲಿ ಕುರಿಯಾತ್ ದಾಟಿ ಸೂರ್ ಕಡೆಗೆ ಹೋಗುವ ದಾರಿ ಈಗ ಎಷ್ಟು ನಯವಾಗಿದೆಯೆಂದರೆ, ಹೋದ ತಿಂಗಳು ನಿಜ್ವಾದಿಂದ ಹೊರಟ ನಾವಿಬ್ಬರು ಮಾತಾಡುತ್ತ ದಾರಿಬದಿಯ ಆ ದೊಡ್ಡ ನೀರಿನ ಗುಂಡಿಯನ್ನೇ ದಾಟಿ ಮುಂದೆ ಹೋಗಿಬಿಟ್ಟಿದ್ದೆವು. ಗಾಡಿ ತಿರುಗಿಸಿಕೊಂಡು ಬರಬೇಕಾಯಿತು. ಹಿಂದೆ ಜಲ್ಲಿಕಲ್ಲಿನ ಹಾದಿಯಲ್ಲಿ ಸೊಂಟ ಹಿಡಿದುಕೊಂಡು ಬರುವಾಗ ಗುಂಡಿ ತಪ್ಪಿಹೋಗುವ ಪ್ರಶ್ನೆಯೇ ಇರಲಿಲ್ಲ. ಈಗ ಅದರ ಸುತ್ತ ಗೋಡೆ, ಇಳಿಯಲು ಸಿಮೆಂಟಿನ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ, ಜೊತೆಗೆ ಒಂದು ಬೋರ್ಡು: ಇಲ್ಲಿ ಡೈವಿಂಗ್ ನಿಷಿದ್ಧ. ಬೋರ್ಡು ಓದಿ ನನಗೆ ನಗು ಬಂತು. ಎರಡು ವರ್ಷದ ಹಿಂದೆ ಇದೇ ನೀರಿನ ಅಡಿಯ ಗುಹೆಯಲ್ಲಿ ಹಗ್ಗ ಕಟ್ಟಿಕೊಂಡು ಹೋದವಳು ನಾನು.

ಇವರು ಮೇಲೆಯೇ ಕಂಬಿ ಹಿಡಿದು ನಿಂತರು. ನಾನು ಕೊನೆಯ ಮೆಟ್ಟಿಲವರೆಗೂ ಇಳಿದು, ಅಂಗೈಯಲ್ಲಿ ನೀರು ತೆಗೆದು ಮೂಸಿದೆ. ಸುಣ್ಣದ ಕಲ್ಲಿನ ವಾಸನೆ, ಪಾಚಿಯ ವಾಸನೆ, ಎರಡರ ಹಿಂದೆ ತುಸುವೇ ಸಮುದ್ರ. ಅದು ಮೂಗಿಗೆ ಬಡಿದದ್ದೇ ತಡ, ಆ ವರ್ಷ ಇಡಿಯಾಗಿ ಎದ್ದು ಬಂತು. ಅದರ ಹಿಂದೆಯೇ ನನ್ನ ಹಳೆಯ ಸಿಟ್ಟೂ ಬಂತು.

"ಇನ್ನೂ ಸಿಹಿ ಉಂಟಾ?" ಎಂದು ಇವರು ಮೇಲಿನಿಂದ ಕೂಗಿ ಕೇಳಿದರು.

"ಮೇಲಿನದ್ದು ಸಿಹಿ. ಅಡಿಯಲ್ಲಿ ಉಪ್ಪು. ಅದೆಲ್ಲ ಎಲ್ಲಿಗೆ ಹೋಗ್ತದೆ?" ಎಂದೆ.

ನಾನು ಸುಮತಿ. ಊರು ಉಡುಪಿಯ ಹತ್ತಿರದ ಶಂಕರಪುರ, ಮಲ್ಲಿಗೆಯ ಊರು. ಎರಡು ಸಾವಿರದ ಆರರಲ್ಲಿ ನನಗೆ ನಲವತ್ತೊಂದು. ಮಸ್ಕತ್ತಿನಲ್ಲಿ ಮನೆ, ರುಸೈಲ್‌ನ ಒಂದು ಕುಡಿಯುವ ನೀರಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಬಾಟಲಿಗೆ ಹೋಗುವ ನೀರಿನಲ್ಲಿ ಉಪ್ಪೆಷ್ಟು, ಸುಣ್ಣವೆಷ್ಟು ಎಂದು ದಿನವಿಡೀ ಅಳೆಯುವವಳು. ಇವರು, ಅಂದರೆ ನನ್ನ ಗಂಡ ರಘುರಾಮ, ಅದೇ ರುಸೈಲ್‌ನ ಪೈಪ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಒಬ್ಬಳೇ ಮಗಳು ಅದಿತಿ, ಆಗ ಒಂಬತ್ತನೇ ಕ್ಲಾಸು. ನಾವು ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ.

ಒಬ್ಬಳೇ ಮಗಳು ಎಂದೆನಲ್ಲ, ಅದಕ್ಕೊಂದು ಕಾರಣ ಕೊಡಬೇಕಿತ್ತು. ಹದಿನಾಲ್ಕು ವರ್ಷ ಕೊಟ್ಟಿದ್ದೆ. ಒಂದೇ ಯಾಕೆ? ಮಗು ಸಣ್ಣದಿರುವಾಗಲೇ ಕೆಲಸಕ್ಕೆ ಯಾಕೆ? ಗುರುವಾರದ ಭಜನೆಗೆ ಯಾಕೆ ಬರಲಿಲ್ಲ? ಬಂದವಳು ಬೇಗ ಎದ್ದು ಹೋದದ್ದು ಯಾಕೆ? ನಮ್ಮಲ್ಲಿ ಹೆಂಗಸೊಬ್ಬಳು ಬೇಡ ಅಂದರೆ ಆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಬೇಡದ ಹಿಂದೆ ಒಂದು ಕಾರಣ ಕಟ್ಟಿ ಕಳಿಸಬೇಕು. ಕಾರಣ ಕೇಳಿದವರಿಗೆ ಒಪ್ಪಿಗೆಯಾಗಬೇಕು. ಇಲ್ಲವಾದರೆ ಅಹಂಕಾರಿ. ತಲೆನೋವು, ಮಗಳ ಪರೀಕ್ಷೆ, ಊರಿನಿಂದ ಫೋನು ಬರುವುದಿದೆ, ಹೀಗೆ ನನ್ನ ಹತ್ತಿರ ಒಂದು ಡಬ್ಬಿ ತುಂಬ ಕಾರಣಗಳಿದ್ದವು.

ಆ ನವೆಂಬರಿನಲ್ಲಿ ಕನ್ನಡದ ಕುಟುಂಬಗಳೆಲ್ಲ ಈ ಗುಂಡಿಗೆ ಪಿಕ್‌ನಿಕ್ ಬಂದಿದ್ದೆವು. ಗಂಡಸರು ನೀರಿನಲ್ಲಿ, ಹೆಂಗಸರು ಬಂಡೆಯ ನೆರಳಿನಲ್ಲಿ ಪುಳಿಯೋಗರೆ ಬಡಿಸುವ ತಯಾರಿಯಲ್ಲಿ. ನಾನು ಸೌಟು ಹಿಡಿದು ನಿಂತಿದ್ದಾಗ ನೀರಿನ ಒಂದು ಮೂಲೆಯಲ್ಲಿ ಗುಳ್ಳೆಗಳೆದ್ದವು. ಸ್ವಲ್ಪ ಹೊತ್ತಿಗೆ ಬಿಳಿಗಡ್ಡದ ಒಬ್ಬ ಮನುಷ್ಯ ಬೆನ್ನಿಗೆ ಸಿಲಿಂಡರ್, ಕೈಯಲ್ಲಿ ಟಾರ್ಚು, ಸೊಂಟದಲ್ಲಿ ಹಗ್ಗದ ರೀಲು ಸಮೇತ ಮೇಲೆ ಬಂದರು. ಬಂಡೆಯ ಅಡಿಯಿಂದ ಬಂದರು! ಅಲ್ಲಿ ಒಳಗೆ ಜಾಗವಿದೆಯೆಂದು ನಮಗೆ ಹೆಂಗಸರಿಗೆ ಯಾರಿಗೂ ಗೊತ್ತಿರಲಿಲ್ಲ. ಅವರೇ ಹಮೂದ್. ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದು ನಿವೃತ್ತರಾದ ಒಮಾನಿ. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ ಮಾತಾಡುತ್ತಿದ್ದರು. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸೌಟು ಕೆಳಗಿಟ್ಟು ಹೋಗಿ ಕೇಳಿದೆ: "ನಾನು ಕಲಿಯಬಹುದಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಲಿಲ್ಲ. ವಯಸ್ಸು ಕೇಳಲಿಲ್ಲ. ಗಂಡ ಒಪ್ಪುತ್ತಾನಾ ಎಂದೂ ಕೇಳಲಿಲ್ಲ. ಕೇಳಿದ್ದು ಎರಡೇ: "ಈಜು ಬರುತ್ತದಾ? ಕಿವಿ ಸರಿ ಇದೆಯಾ?" ಎರಡಕ್ಕೂ ಹೌದು ಎಂದೆ. "ಶುಕ್ರವಾರ ಬೆಳಿಗ್ಗೆ ಆರಕ್ಕೆ," ಎಂದರು. ಯಾಕೆ ಎಂಬ ಪ್ರಶ್ನೆಯೇ ಇಲ್ಲದ ಇಂಥ ಸಂಭಾಷಣೆ ನನ್ನ ಬದುಕಿನಲ್ಲಿ ಅದೇ ಮೊದಲಿರಬೇಕು. ವಾಪಸು ಬಂದು ಸೌಟು ಎತ್ತಿಕೊಂಡು ಬಡಿಸಲು ನಿಂತೆ.

ಚಳಿಗಾಲವಿಡೀ ಸಮುದ್ರದಲ್ಲಿ ಕಲಿತೆ. ರಬ್ಬರಿನ ಆ ಬಿಗಿಯಾದ ವೆಟ್‌ಸೂಟಿನೊಳಗೆ ಮೊದಲ ಸಲ ತೂರಿಕೊಂಡಾಗ ಅದಿತಿ, "ಅಮ್ಮಾ, ಯೂ ಲುಕ್ ಲೈಕ್ ಎ ಸೀಲ್," ಎಂದು ನೆಲಕ್ಕೆ ಬಿದ್ದು ನಕ್ಕಳು. ಇವರು ನಗಲಿಲ್ಲ, ತಡೆಯಲೂ ಇಲ್ಲ. "ಜಾಗ್ರತೆ," ಎಂದು ಮಾತ್ರ ಹೇಳಿ ಕಾರಿನ ಕೀ ಕೊಟ್ಟರು. ಭಜನೆಯ ಮನೆಗಳಲ್ಲಿ ನಾನು ಒಳ್ಳೆಯ ವಿಷಯವಾದೆ. ನನಗೆ ಕೇಳಿಸುವಷ್ಟೇ ಗಟ್ಟಿಯಾಗಿ ಪಿಸುಗುಟ್ಟುವ ಕಲೆ ಅಲ್ಲಿ ಹಲವರಿಗೆ ಇತ್ತು.

ಫೆಬ್ರವರಿ ಕಳೆದ ಮೇಲೆ ಗುಹೆಯ ಪಾಠ ಶುರುವಾಯಿತು. ಸಮುದ್ರದಲ್ಲಿ ಏನಾದರೂ ಆದರೆ ತಲೆಯ ಮೇಲೆ ಆಕಾಶವಿದೆ. ಗುಹೆಯಲ್ಲಿ ತಲೆಯ ಮೇಲೆ ಕಲ್ಲು. ಬಂದ ದಾರಿಯಲ್ಲೇ ಹಿಂದೆ ಹೋಗಬೇಕು, ಬೇರೆ ಬಾಗಿಲಿಲ್ಲ. ಆದ್ದರಿಂದ ಹೊರಗಿನ ಬಂಡೆಗೆ ಹಗ್ಗ ಕಟ್ಟಿ, ರೀಲು ಬಿಚ್ಚುತ್ತ, ಅಲ್ಲಲ್ಲಿ ಕಲ್ಲಿಗೆ ಸುತ್ತಿ ಗಂಟು ಹಾಕುತ್ತ ಒಳಗೆ ಹೋಗಬೇಕು. ಕಾಲು ಜೋರಾಗಿ ಬಡಿದರೆ ಅಡಿಯ ಹೂಳು ಎದ್ದು ಕಣ್ಣಿಗೆ ಏನೂ ಕಾಣುವುದಿಲ್ಲ. ಆಗ ಹಗ್ಗವೊಂದೇ ದಾರಿ. ಸಿಲಿಂಡರಿನ ಗಾಳಿಯಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದು ಪಾಲು ಮುಟ್ಟಲಿಕ್ಕಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಸೋಫಾದ ಕಾಲಿನಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಊಟದ ಮೇಜಿಗೆ ಹಗ್ಗ ಕಟ್ಟಿ, ಕಣ್ಣಿಗೆ ದುಪಟ್ಟಾ ಬಿಗಿದು, ಮಂಡಿಯೂರಿ ಹಗ್ಗ ಹಿಡಿದು ಬಾಲ್ಕನಿಯ ಬಾಗಿಲವರೆಗೆ ಬರಬೇಕು. ಇವರು ಕಾಫಿ ಲೋಟ ಹಿಡಿದು ಹಗ್ಗ ದಾಟುತ್ತ, "ಈಗ ಎಲ್ಲಿದ್ದೀ, ಗುಹೆಯಲ್ಲಾ, ಅಡಿಗೆಮನೆಯಲ್ಲಾ?" ಎನ್ನುತ್ತಿದ್ದರು.

ನನ್ನ ದೊಡ್ಡ ತಪ್ಪು ಶಂಕರಪುರದಿಂದ ಬಂದದ್ದು. ಆರನೇ ವಯಸ್ಸಿನಿಂದ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿದ ಬೆರಳುಗಳು ನನ್ನವು. ಶಾಲೆಗೆ ಹೋಗುವ ಮುಂಚೆ ಚೆಂಡು ಚೆಂಡು ಕಟ್ಟಿ ಇಟ್ಟು ಹೋಗುತ್ತಿದ್ದವಳು. ಮೊದಲ ಸಲ ಗುಹೆಯಲ್ಲಿ ನನ್ನ ಕೈಗೆ ರೀಲು ಕೊಟ್ಟಾಗ ಬೆರಳು ತಮ್ಮಷ್ಟಕ್ಕೆ ಹೂ ಕಟ್ಟುವ ಗಂಟೇ ಹಾಕಿದವು. ಎಷ್ಟು ಬೇಗ, ಎಷ್ಟು ಚಂದ! ನಾನೇ ಬೀಗಿದೆ. ಆದರೆ ಹೂವಿನ ಗಂಟು ಬಿಚ್ಚಲೆಂದು ಹಾಕುವುದಲ್ಲ. ವಾಪಸು ಬರುವಾಗ ಒದ್ದೆ ನೈಲಾನು ಕಲ್ಲಿಗೆ ಕಚ್ಚಿಕೊಂಡು ಕೂತಿತ್ತು. ನಾನು ಉಗುರು ಹಾಕಿ ಎಳೆದಷ್ಟೂ ಬಿಗಿಯಾಯಿತು. ಗಾಳಿ ಖರ್ಚಾಗುತ್ತಿತ್ತು. ಹಮೂದ್ ಬಂದು ಚಾಕುವಿನಿಂದ ಕತ್ತರಿಸಿದರು.

ದಡದಲ್ಲಿ ಒಂದು ಕಡ್ಡಿಯ ಸುತ್ತ ಹಗ್ಗ ಸುತ್ತಿ ತೋರಿಸಿ, "ಸಿಸ್ಟರ್, ಒಳಗೆ ಹೋಗುವಾಗ ಹಾಕುವ ಪ್ರತಿ ಗಂಟೂ ಹೊರಗೆ ಬರುವಾಗ ಒಂದೇ ಕೈಯಲ್ಲಿ ಬಿಚ್ಚಬೇಕು. ಇದನ್ನು ಇನ್ನೂರು ಸಲ ಮಾಡಿ," ಎಂದರು. ಅವತ್ತು ಬಿಸಿಲಲ್ಲಿ ಕೂತು ಇನ್ನೂರು ಸಲ ಕಟ್ಟಿದೆ, ಇನ್ನೂರು ಸಲ ಬಿಚ್ಚಿದೆ. ಮೂವತ್ತೈದು ವರ್ಷದ ಅಭ್ಯಾಸ ಬೆರಳಿನಿಂದ ಬಿಡಿಸಿಕೊಂಡದ್ದು ಹಾಗೆ.

ಅದೇ ದಿನ ಜೀಪಿನ ಹಿಂಬಾಗಿಲಲ್ಲಿ ಅರಬಿ ಕಾಫಿ ಖಾವಾ ಕುಡಿಯುತ್ತ, ಖರ್ಜೂರದ ಡಬ್ಬಿ ನನ್ನ ಕಡೆ ಸರಿಸಿ, ಹಮೂದ್ ಕೊನೆಯ ನಿಯಮ ಹೇಳಿದರು. "ಗುಹೆಯಲ್ಲಿ ನಾವು ಮೂವರಿದ್ದರೆ, ಮೂವರಲ್ಲಿ ಯಾರು ಬೇಕಾದರೂ ಹೆಬ್ಬೆರಳು ಮೇಲೆ ಎತ್ತಬಹುದು. ಎತ್ತಿದರೆ ಖಲಾಸ್. ಎಲ್ಲರೂ ತಿರುಗಬೇಕು. ಯಾಕೆ ಅಂತ ಕೇಳಲಿಕ್ಕಿಲ್ಲ. ನೀರಲ್ಲಿ ಕೇಳಲಿಕ್ಕಿಲ್ಲ, ದಡದಲ್ಲಿ ಕೇಳಲಿಕ್ಕಿಲ್ಲ, ಹತ್ತು ವರ್ಷ ಬಿಟ್ಟೂ ಕೇಳಲಿಕ್ಕಿಲ್ಲ."

"ಎತ್ತಿದವರು ತಾವಾಗಿ ಹೇಳಿದರೆ?"

"ಹೇಳದಿರುವುದು ಒಳ್ಳೆಯದು. ಇವತ್ತು ನೀವು ಕಾರಣ ಕೊಟ್ಟರೆ, ನಾಳೆ ಕಾರಣ ಇಲ್ಲದವನು ಹೆಬ್ಬೆರಳು ಎತ್ತಲು ನಾಚುತ್ತಾನೆ. ನಾಚಿದವನು ಮುಂದೆ ಹೋಗುತ್ತಾನೆ. ಅಂಥವರನ್ನು ನಾನು ಎರಡು ಸಲ ಹೊತ್ತು ತಂದಿದ್ದೇನೆ." ಇಷ್ಟು ಹೇಳಿ ಅವರು ಲೋಟ ತೊಳೆಯಲು ಎದ್ದುಹೋದರು.

ಗುಹೆಯ ಪ್ರಮಾಣಪತ್ರದ ಕಾರ್ಡು ಸಿಗಬೇಕಾದರೆ ನಾಲ್ಕು ಸಲ ಒಳಗೆ ಹೋಗಿ ಯೋಜನೆಯ ಪ್ರಕಾರ ಮುಗಿಸಿ ಬರಬೇಕು. ಏಪ್ರಿಲ್ ಕೊನೆಗೆ ನನಗೆ ಮೂರಾಗಿತ್ತು. ಆ ಕಾರ್ಡು ನನಗೆ ಎಷ್ಟು ಬೇಕಿತ್ತು ಎಂದು ಹೇಳಿದರೆ ನೀವು ನಗಬಹುದು. ಅದನ್ನು ಹಾಕಿಡಲು ಒಂದು ಪ್ಲಾಸ್ಟಿಕ್ ಕವರನ್ನೂ ತಂದಿಟ್ಟುಕೊಂಡಿದ್ದೆ.

ಈ ಹೊತ್ತಿಗೆ ಮೂರ್ತಿ ಸರ್ ಸೇರಿಕೊಂಡರು. ಮೈಸೂರಿನವರು, ಇವರ ಪೈಪ್ ಕಾರ್ಖಾನೆಯ ಜನರಲ್ ಮ್ಯಾನೇಜರ್, ಹಾಗೆಯೇ ಹಳೆಯ ಡೈವರ್. ನೀರಿನೊಳಗೆ ಫೋಟೋ ತೆಗೆಯುವ ದೊಡ್ಡ ಕ್ಯಾಮೆರಾ ಇತ್ತು. ಕೆಟ್ಟ ಮನುಷ್ಯರಲ್ಲ. ನಮ್ಮ ಗುಹೆಯ ಒಳಗೆ ಇನ್ನೊಂದು ಕೋಣೆಯಿದೆ, ಅದರ ಮಾಡಿನಲ್ಲೊಂದು ಸೀಳು ಇದೆ, ಸೂರ್ಯ ನೆತ್ತಿಗೆ ಬರುವ ಮೇ ತಿಂಗಳಲ್ಲಿ ಮಧ್ಯಾಹ್ನ ಕಾಲು ಗಂಟೆ ಮಾತ್ರ ಅದರೊಳಗಿಂದ ಬೆಳಕು ಇಳಿದು ನೀರಿನಲ್ಲಿ ಕಂಬದ ಹಾಗೆ ನಿಲ್ಲುತ್ತದೆ ಎಂದು ಹಮೂದ್ ಹೇಳಿದ್ದರು. ಅವರು ಅದನ್ನು ಒಂದೇ ಸಲ ನೋಡಿದ್ದರಂತೆ. ಮೂರ್ತಿಯವರಿಗೆ ಅದರ ಫೋಟೋ ಬೇಕಿತ್ತು. ಮೂರು ವರ್ಷದಿಂದ ಕಾಯುತ್ತಿದ್ದರು. ಒಂದು ವರ್ಷ ಮಳೆ ಬಂದು ನೀರು ಕದಡಿತ್ತು, ಇನ್ನೊಂದು ವರ್ಷ ಮೋಡ, ಮತ್ತೊಂದು ವರ್ಷ ಅವರಿಗೇ ನೆಗಡಿ. "ಈ ಸಲ ಬಿಡೋದಿಲ್ಲ ಸುಮತಿಯವ್ರೇ. ನಿಮ್ದು ನಾಲ್ಕನೇ ಡೈವೂ ಆಗುತ್ತೆ, ನನ್ ಕಂಬಾನೂ ಸಿಗುತ್ತೆ," ಎಂದರು.

ಅದೇ ವರ್ಷ ಅಕ್ಟೋಬರಿಗೆ ಇವರ ಕಾಂಟ್ರ್ಯಾಕ್ಟ್ ಮುಗಿಯುವುದಿತ್ತು. ಮುಂದುವರಿಸುವ ಕಾಗದಕ್ಕೆ ಸಹಿ ಹಾಕಬೇಕಾದವರು ಮೂರ್ತಿ ಸರ್. ಆಗ ನಾವ್ಯಾರೂ ಆ ಫೋಟೋವನ್ನೂ ಈ ಸಹಿಯನ್ನೂ ಸೇರಿಸಿ ನೋಡಿರಲಿಲ್ಲ.

ಮೇ ತಿಂಗಳ ಆ ಶುಕ್ರವಾರದಷ್ಟು ತಿಳಿ ನೀರನ್ನು ನಾನು ಅದಕ್ಕೂ ಮುಂಚೆ ನೋಡಿಲ್ಲ, ಆಮೇಲೂ ನೋಡಿಲ್ಲ. ಹನ್ನೆರಡಕ್ಕೆ ಸ್ವಲ್ಪ ಮುಂಚೆ ಇಳಿದೆವು. ರೀಲು ನನ್ನ ಕೈಯಲ್ಲಿ, ಪಕ್ಕಕ್ಕೆ ಹಮೂದ್, ಹಿಂದೆ ಕ್ಯಾಮೆರಾ ಹಿಡಿದು ಮೂರ್ತಿ. ಬೆಳಕಿನಲ್ಲಿದ್ದ ಬಂಡೆಗೆ ಹಗ್ಗ ಕಟ್ಟಿ ಚಾಚಿದ ಕಲ್ಲಿನ ಅಡಿಗೆ ಹೋದೆ. ಸಿಹಿನೀರು ತಣ್ಣಗೆ ಕುತ್ತಿಗೆಯ ಹತ್ತಿರ ಸೂಟಿನೊಳಗೆ ನುಗ್ಗಿತು. ಇನ್ನೂ ಕೆಳಗೆ ಸಿಹಿಯೂ ಉಪ್ಪೂ ಸೇರುವ ಗೆರೆ. ಕಾದ ಕಾವಲಿಯ ಮೇಲಿನ ಗಾಳಿಯ ಹಾಗೆ ಅಲ್ಲಿ ಎಲ್ಲವೂ ನಡುಗಿ ಕಾಣುತ್ತದೆ. ಲ್ಯಾಬಿನಲ್ಲಿ ಅಂಕಿಗಳಾಗಿ ಮಾತ್ರ ಕಂಡಿದ್ದ ಉಪ್ಪು ಅಲ್ಲಿ ಕಣ್ಣಿಗೇ ಕಾಣುತ್ತಿತ್ತು. ಅದರೊಳಗೆ ಇಳಿದೊಡನೆ ಮೈ ಹಗುರಾಗಿ ಮಾಡಿನ ಕಡೆಗೆ ತೇಲುತ್ತದೆ. ಉಸಿರು ಬಿಟ್ಟು ಸಮ ಮಾಡಿಕೊಂಡೆ. ಮೊದಲ ಗಂಟು, ಎರಡನೆಯದು, ಮೂರನೆಯದು, ಎಲ್ಲವೂ ಬಿಚ್ಚುವ ಗಂಟುಗಳೇ.

ಹಿಂದೆ ತಿರುಗಿ ನೋಡಿದರೆ ಗುಹೆಯ ಬಾಯಿಯ ನೀಲಿ ಇನ್ನೂ ಕಾಣುತ್ತಿತ್ತು. ಮುಂದೆ ಒಳಕೋಣೆಯ ಕಿರಿದಾದ ಬಾಗಿಲು, ಹತ್ತು ಮಾರು ದೂರ. ಅದರಾಚೆ ಬಿಳಿಯ ಬೆಳಕೊಂದು ನಿಲ್ಲಲು ಶುರುವಾಗಿತ್ತು. ಅದರ ಅಂಚು ನನಗೆ ಕಂಡಿತು.

ನಾನು ನಿಂತೆ. ರೀಲನ್ನು ಲಾಕ್ ಮಾಡಿದೆ. ತಿರುಗಿ, ನನ್ನ ಟಾರ್ಚಿನ ಬೆಳಕಿನಲ್ಲಿ ಕೈ ಹಿಡಿದು ಹೆಬ್ಬೆರಳು ಮೇಲೆತ್ತಿದೆ.

ಹಮೂದ್ ಆ ಕ್ಷಣವೇ ತಮ್ಮ ಹೆಬ್ಬೆರಳು ಎತ್ತಿ ಒಪ್ಪಿದರು. ಮೂರ್ತಿಯವರು ಎತ್ತಲಿಲ್ಲ. ಕ್ಯಾಮೆರಾ ತೋರಿಸಿದರು, ಬಾಗಿಲು ತೋರಿಸಿದರು, ಒಂದೇ ನಿಮಿಷ ಎಂದು ಒಂದು ಬೆರಳು ತೋರಿಸಿದರು. ನಾನು ಹೆಬ್ಬೆರಳು ಇಳಿಸಲಿಲ್ಲ. ಹಮೂದ್ ತಮ್ಮ ಹೆಬ್ಬೆರಳನ್ನು ಅವರ ಮಾಸ್ಕಿನ ಗಾಜಿನ ಮುಂದೆಯೇ ಹಿಡಿದರು. ಕೊನೆಗೆ ಮೂರ್ತಿಯವರ ಹೆಬ್ಬೆರಳೂ ನಿಧಾನ ಎದ್ದಿತು. ಅವರು ಮುಂದೆ, ಆಮೇಲೆ ಹಮೂದ್, ಕೊನೆಗೆ ಗಂಟು ಬಿಚ್ಚಿ ಹಗ್ಗ ಸುತ್ತುತ್ತ ನಾನು. ಎಲ್ಲ ಗಂಟುಗಳೂ ಒಂದೇ ಕೈಯಲ್ಲಿ ಬಿಚ್ಚಿಕೊಂಡವು.

ನನ್ನ ಗಾಳಿ ಸಾಕಷ್ಟಿತ್ತು. ಮಾಸ್ಕು ಸೋರುತ್ತಿರಲಿಲ್ಲ. ಹೂಳು ಎದ್ದಿರಲಿಲ್ಲ. ಹಾಗಿದ್ದರೆ ಯಾಕೆ ತಿರುಗಿದೆ? ನಿಮಗೂ ಹೇಳುವುದಿಲ್ಲ. ಇದರಲ್ಲಿ ಗುಟ್ಟು ಏನೂ ಇಲ್ಲ. ನಿಯಮ ಅಷ್ಟೇ.

ಮೇಲೆ ಬಂದು ಬಾಯಿಂದ ರೆಗ್ಯುಲೇಟರ್ ತೆಗೆದದ್ದೇ ಮೂರ್ತಿಯವರು ಕೇಳಿದರು, "ಏನಾಯ್ತು?"

"ಏನಿಲ್ಲ ಸರ್."

"ಏನಿಲ್ಲ ಅಂದ್ರೆ? ಏನೂ ಇಲ್ದೆ ವಾಪಸ್ ಕರ್ಕೊಂಡ್ ಬಂದ್ರಾ? ಎದುರಿಗೇ ಇತ್ತಲ್ರೀ ಕಂಬ!"

"ಮೂರ್ತಿ ಸಾಬ್, ಖಲಾಸ್," ಎಂದರು ಹಮೂದ್. ಅವರ ಧ್ವನಿ ಏರಲಿಲ್ಲ. ಮೂರ್ತಿಯವರು ಕ್ಯಾಮೆರಾ ಎತ್ತಿಕೊಂಡು ನೇರ ಕಾರಿಗೆ ಹೋದರು.

ಹಮೂದ್ ದಾಖಲೆಯ ಪುಸ್ತಕ ತೆಗೆದು ಬರೆದರು. ಎಷ್ಟು ಆಳ, ಎಷ್ಟು ನಿಮಿಷ, ಗಾಳಿ ಎಷ್ಟು ಉಳಿಯಿತು, ಹಗ್ಗ ಕಟ್ಟಿದವರು ಯಾರು, ತಿರುಗಿಸಿದವರು ಯಾರು. ಕೊನೆಯ ಎರಡರ ಎದುರಿಗೂ ನನ್ನ ಹೆಸರು. ಕಾರಣಕ್ಕೆಂದು ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ನಾನು ಹಾಳೆ ತಿರುಗಿಸಿ ಹುಡುಕಿದೆ. "ನಾಲ್ಕನೆಯದು ಆಗಲಿಲ್ಲ, ಮತ್ತೊಮ್ಮೆ ಇಳಿಯಬೇಕು," ಎಂದರು. ತಲೆಯಾಡಿಸಿದೆ.

ಮತ್ತೊಮ್ಮೆ ಇಳಿಯುವುದಾಗಲಿಲ್ಲ. ಮುಂದಿನ ವಾರ ಬೆಟ್ಟದಲ್ಲಿ ಮಳೆಯಾಗಿ ನೀರು ಮಣ್ಣಿನ ಬಣ್ಣಕ್ಕೆ ತಿರುಗಿತು. ತಿಳಿಯಾಗಲಿ ಎಂದು ಕಾದೆವು.

ಅಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಮಸ್ಕತ್ತಿನ ಮನೆಮನೆಗೆ ತಲುಪಿತ್ತು. ಸುಮತಿ ಹೆದರಿ ಕಿರುಚಿದಳಂತೆ. ನೀರಿನಡಿಯಲ್ಲಿ ಹೇಗೆ ಕಿರುಚುವುದೋ ದೇವರಿಗೇ ಗೊತ್ತು. ಸಿಕ್ಕಿದವರೆಲ್ಲ ನನಗೆ ಒಂದೊಂದು ಕಾರಣ ದಾನ ಮಾಡಲು ಬಂದರು. ಬಿಪಿ ಇರಬೇಕು. ಉಪವಾಸ ಇದ್ದಿರಬೇಕು. ತಿಂಗಳಿನ ಸಮಯವಾ? ಮೆನೋಪಾಸ್ ಶುರುವಾಯಿತಾ? ಎಲ್ಲರಿಗೂ, "ಅದೊಂದೂ ಅಲ್ಲ," ಎಂದೆ. ಮತ್ತೇನು? "ಏನಿಲ್ಲ." ನನ್ನ ಹಳೆಯ ಡಬ್ಬಿ ಮನೆಯಲ್ಲೇ ಇತ್ತು. ಅದರ ಮುಚ್ಚಳ ತೆಗೆಯಲಿಲ್ಲ. ಅವರ ಮುಖ ಸಪ್ಪೆಯಾಗುವುದನ್ನು ನೋಡಿ ನನಗೆ ಖುಷಿಯೇ ಆಗುತ್ತಿತ್ತು.

ಖುಷಿಯಾಗದ್ದು ಮನೆಯೊಳಗೆ. ಒಂದು ಸಂಜೆ ಇವರು ಶೂ ಬಿಚ್ಚುತ್ತಲೇ ಹೇಳಿದರು, "ಮೂರ್ತಿ ಸರ್ ನನ್ನ ಹತ್ರ ಸರಿಯಾಗಿ ಮಾತಾಡುವುದಿಲ್ಲ ಈಗ. ಮಾಸ್ಕ್ ಲೀಕ್ ಆಯ್ತು ಅಂತ ಹೇಳಿಬಿಡು ಮಾರಾಯ್ತಿ. ಎಂತ ಹೋಗ್ತದೆ? ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದೆ."

"ಅಕ್ಟೋಬರಿಗೆ ಕಾಂಟ್ರ್ಯಾಕ್ಟ್ ಮುಗೀತದೆ. ನೆನಪುಂಟಲ್ಲ?"

"ನೆನಪುಂಟು. ಸುಳ್ಳು ಹೇಳುವುದಿಲ್ಲ. ನಿಜವನ್ನೂ ಹೇಳುವುದಿಲ್ಲ. ಕೇಳುವ ಹಕ್ಕು ಅವರಿಗೆ ಇಲ್ಲ."

ಇವರು ಶೂಗಳನ್ನು ಬಾಗಿಲ ಹತ್ತಿರ ಇಟ್ಟು ಕೇಳಿದರು, "ನನಗಾದ್ರೂ ಹೇಳ್ತೀಯಾ?"

"ಇಲ್ಲ."

ಆ ಇಲ್ಲ ಅವರಿಗೆ ತಾಗಿತು. ಹದಿನಾರು ವರ್ಷ ಒಟ್ಟಿಗೆ ಬದುಕಿದ ಮನುಷ್ಯನಿಗೆ ಹಾಗೆ ಹೇಳುವುದು ನನಗೂ ಸುಲಭವಿರಲಿಲ್ಲ. ಮೂರು ದಿನ ನಮ್ಮಿಬ್ಬರ ನಡುವೆ ಊಟ, ನೀರು, ಕೀ ಇಷ್ಟೇ ಮಾತು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟು ಅತ್ತೆ. ನನ್ನ ಹಟಕ್ಕೆ ಇವರ ಕೆಲಸ ಹೋದರೆ? ಅದಿತಿಯ ಹತ್ತನೇ ಕ್ಲಾಸಿನ ಪರೀಕ್ಷೆ ಎದುರಿಗಿತ್ತು. ಹೇಳಿಬಿಡಲೇ ಎಂದು ಎರಡು ಸಲ ಫೋನಿನ ಹತ್ತಿರ ಹೋದೆ. ಪ್ರತಿ ಸಲವೂ ಹಮೂದ್ ಹೊತ್ತು ತಂದ ಆ ಇಬ್ಬರು ನೆನಪಾದರು. ಅವರೂ ಯಾರಿಗೋ ಏನೋ ಉತ್ತರ ಕೊಡಬೇಕಾಗುತ್ತದೆಂದು ಮುಂದೆ ಹೋದವರಲ್ಲವೇ? ರಿಸೀವರ್ ಇಟ್ಟೆ.

ಜೂನಿನಲ್ಲಿ ಚಂಡಮಾರುತ ಬಂತು. ಒಮಾನಿನಲ್ಲಿ ಆಗ ಇದ್ದವರು ಯಾರೂ ಅದನ್ನು ಮರೆಯಲಿಕ್ಕಿಲ್ಲ. ವರ್ಷವಿಡೀ ಒಣಗಿ ಬಿದ್ದಿರುತ್ತಿದ್ದ ವಾದಿಗಳು, ಅಂದರೆ ಬೆಟ್ಟದ ಹಳ್ಳಗಳು, ಕಾರುಗಳನ್ನೆತ್ತಿಕೊಂಡು ಹರಿದವು. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳು ನಿಂತು ಊರಿಗೆ ಕುಡಿಯುವ ನೀರಿಲ್ಲದಾಯಿತು. ನಾವು ಕಾರ್ಖಾನೆಯಲ್ಲಿ ಪಾಳಿ ಲೆಕ್ಕವಿಲ್ಲದೆ ದುಡಿದೆವು. ಗೇಟಿನ ಹೊರಗೆ ಕ್ಯಾನು ಹಿಡಿದ ಜನರ ಸಾಲು, ಒಳಗೆ ನಾನು ಒಂದಾದ ಮೇಲೊಂದು ನೀರಿನ ಮಾದರಿ ಪರೀಕ್ಷಿಸುತ್ತಿದ್ದೆ. ಆ ದಿನಗಳಲ್ಲಿ ಗುಹೆಯ ವಿಷಯ ಯಾರಿಗೂ ಬೇಕಿರಲಿಲ್ಲ, ನನಗೂ.

ದಾರಿ ಸರಿಯಾದ ಮೇಲೆ ಹಮೂದ್ ಹೋಗಿ ಇಳಿದು ನೋಡಿ ಬಂದು ಫೋನು ಮಾಡಿದರು. ವಾದಿಯ ಪ್ರವಾಹ ಗುಂಡಿಯೊಳಗೆ ನುಗ್ಗಿ ಮಣ್ಣೂ ಬಂಡೆಯೂ ತುಂಬಿತ್ತು. ಒಳಕೋಣೆಯ ಬಾಗಿಲು ಮುಚ್ಚಿಹೋಗಿತ್ತು. "ಇನ್ನು ಅಲ್ಲಿ ಪಾಠ ಇಲ್ಲ, ಸಿಸ್ಟರ್," ಎಂದರು. ನನ್ನ ಕಾರ್ಡೂ ಅಲ್ಲಿಗೆ ಮುಗಿಯಿತು. ಪ್ಲಾಸ್ಟಿಕ್ ಕವರನ್ನು ಅದಿತಿ ಬಸ್ ಪಾಸಿಗೆ ತೆಗೆದುಕೊಂಡಳು.

ಗಣೇಶ ಹಬ್ಬದ ಊಟಕ್ಕೆ ಎಲ್ಲರೂ ಸೇರಿದ್ದಾಗ ಮೂರ್ತಿಯವರು ಎಲೆಯ ಮುಂದಿನಿಂದ ಎದ್ದು ಕೈತೊಳೆದು ನೇರ ನನ್ನ ಹತ್ತಿರ ಬಂದರು. ಅವರ ಕಣ್ಣಿನಲ್ಲಿ ಸಿಟ್ಟಿಗಿಂತ ದುಃಖ ಹೆಚ್ಚಿತ್ತು.

"ಆ ಕಂಬಾನ ಇನ್ನ್ ಯಾರೂ ನೋಡೋಕಾಗಲ್ಲ ಕಣಮ್ಮ. ಹತ್ತು ಮಾರು ಇತ್ತು ಅಷ್ಟೆ. ನಿಮ್ಮಿಂದ ಹೋಯ್ತು."

ಸುತ್ತ ಬಡಿಸುತ್ತಿದ್ದವರ ಕೈ ನಿಂತಿತು. "ಹೌದು ಸರ್. ನನ್ನಿಂದಲೇ ಹೋಯ್ತು," ಎಂದೆ.

"ಒಂದ್ ಕಾರಣ ಹೇಳ್ಬಿಡಿ ಸಾಕು. ನಂಗೂ ಸಮಾಧಾನ ಆಗುತ್ತೆ."

"ನನಗೂ ಅದನ್ನು ನೋಡಬೇಕಿತ್ತು ಸರ್. ನಿಮ್ಮಷ್ಟೇ ಬೇಕಿತ್ತು. ಅದರ ಅಂಚು ಮಾತ್ರ ಕಂಡಿತು. ಅದಕ್ಕೆ ಬೇಸರ ಉಂಟು. ಕಾರಣ ಮಾತ್ರ ಹೇಳುವುದಿಲ್ಲ. ಇನ್ನೊಂದು ಸಲ ಹಾಗಾದ್ರೂ ಹೆಬ್ಬೆರಳು ಎತ್ತುತ್ತೇನೆ."

ಯಾರೋ ಹೆಂಗಸು, "ಅಬ್ಬಾ ಧೈರ್ಯವೇ!" ಎಂದಳು. ಹೊಗಳಿಕೆಯಲ್ಲ. ನಾನು ಇವರ ಕಡೆ ನೋಡಲಿಲ್ಲ. ನೋಡಿದರೆ ಎಲ್ಲಿ ಮೆತ್ತಗಾಗುತ್ತೇನೋ ಎಂಬ ಹೆದರಿಕೆಯಿತ್ತು. ಪಾಯಸದ ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋದೆ.

ಅದಾಗಿ ಹತ್ತು ದಿನ ಕಳೆದಿರಬೇಕು. ನನಗೆ ರಜೆಯ ದಿನ. ಮಧ್ಯಾಹ್ನ ಇವರು ಮಾಮೂಲಿಗಿಂತ ಬೇಗ ಮನೆಗೆ ಬಂದರು. ನಾನು ಅಡಿಗೆಮನೆಯಲ್ಲಿ ಬಸಳೆಯ ಸಾರು ಇಳಿಸುತ್ತಿದ್ದೆ. ಬಾಗಿಲಿಗೆ ಒರಗಿ ನಿಂತು, "ಮೂರ್ತಿ ಸರ್ ಕರೆದಿದ್ರು," ಎಂದರು.

ಒಲೆ ಆರಿಸಿದೆ.

"ಕಾಗದ ಮೇಜಿನ ಮೇಲೆಯೇ ಇತ್ತು. ಪೆನ್ನೂ ಕೈಯಲ್ಲಿತ್ತು. ರಘು, ಸೈನ್ ಹಾಕೋದು ಎರಡು ನಿಮಿಷದ ಕೆಲಸ, ಮೊದ್ಲು ಅವತ್ತು ಏನಾಯ್ತು ಹೇಳು, ನಿನ್ನ ಹತ್ರ ಆದ್ರೂ ಹೇಳಿರ್ತಾರಲ್ಲ, ಅಂದ್ರು."

"ನೀವು ಎಂತ ಹೇಳಿದಿರಿ? ಗೊತ್ತಿಲ್ಲ ಅಂದಿರಾ?"

ಗೊತ್ತಿಲ್ಲ ಎಂದಿದ್ದರೆ ಅದು ನಿಜವೇ ಆಗಿತ್ತು. ಮಾಸ್ಕ್ ಲೀಕ್ ಆಯಿತು ಸರ್ ಎಂದಿದ್ದರೂ ಕಾಗದ ಕೈಗೆ ಬರುತ್ತಿತ್ತು. ಈ ಎರಡರಲ್ಲಿ ಯಾವುದು ಎಂದು ಕಾಯುತ್ತ ನಿಂತೆ.

"ಇಲ್ಲ," ಎಂದರು ಇವರು. "ಅದನ್ನು ಕೇಳುವ ಹಾಗಿಲ್ಲ ಸರ್ ಅಂದೆ. ಅವ್ರು ಪೆನ್ನಿನ ಮುಚ್ಚಳ ಹಾಕಿದ್ರು. ನಾನು ಎದ್ದು ಬಂದೆ." ಸಿಂಕಿನ ಕಡೆಗೆ ಬರುತ್ತ, "ನಿಜ್ವಾದಲ್ಲಿ ಒಂದು ಕಡೆ ಜನ ಬೇಕಂತೆ. ಸಣ್ಣ ಕಂಪನಿ. ನೋಡುವ," ಎಂದರು.

ಇಡೀ ಬೇಸಿಗೆ ನನ್ನ ಮುಂದೆ ಕಾರಣಕ್ಕಾಗಿ ಕೈಯೊಡ್ಡಿದ ಮನುಷ್ಯ, ಮೂರು ದಿನ ಮಾತು ಬಿಟ್ಟ ಮನುಷ್ಯ, ಹಗ್ಗವನ್ನು ಊಟದ ಮೇಜಿನ ಕೆಳಗೆ ಬಿಟ್ಟು ಬೇರೆಲ್ಲೂ ನೋಡದ ಮನುಷ್ಯ, ಅಕ್ಟೋಬರಿನ ಬಾಗಿಲಲ್ಲಿ ನಿಂತು ಹಾಗೆ ಹೇಳಿ ಬಂದಿದ್ದರು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಲು ಬಾಯಿ ತೆರೆದೆ. ಇವರು ಸಿಂಕಿನಲ್ಲಿ ಕೈ ತೊಳೆಯುತ್ತ ನನ್ನ ಕಡೆಯೇ ನೋಡುತ್ತಿದ್ದರು.

ಬಾಯಿ ಮುಚ್ಚಿಕೊಂಡು ಅನ್ನ ಬಡಿಸಿದೆ.